ಲ ಇಳಿ ಲಾ

"ನಿಮ್ಮ ಬೋರ್ಡಿನಲ್ಲಿ ತಪ್ಪಿದೆ."

ಅಂಗಡಿಯ ಬಾಗಿಲಲ್ಲಿ ನಿಂತ ಮನುಷ್ಯ ಆಡಿದ ಮೊದಲ ಮಾತೇ ಅದು. ನಮಸ್ಕಾರ ಇಲ್ಲ, ಒಳಗೆ ಬರಲಾ ಎಂದು ಕೇಳಿದ್ದೂ ಇಲ್ಲ. ಹಳೆಯ ಟೈಪ್‌ರೈಟರೊಂದನ್ನು ನಿದ್ದೆ ಹೋದ ಮಗುವಿನ ಹಾಗೆ ಎರಡೂ ಕೈಯಲ್ಲಿ ತಬ್ಬಿಕೊಂಡು, ಕತ್ತೆತ್ತಿ ಬೋರ್ಡನ್ನೇ ನೋಡುತ್ತಿದ್ದ.

ಅವಳು ತುಟಿಯ ನಡುವೆ ಕಚ್ಚಿಕೊಂಡಿದ್ದ ಸ್ಕ್ರೂ ತೆಗೆದು ಅಂಗೈಗೆ ಹಾಕಿಕೊಂಡಳು. "ಏನು ತಪ್ಪು?"

"'ಬೆರಳಚ್ಚು ಯಂತ್ರ ದುರಸ್ಥಿ' ಅಂತ ಬರೆಸಿದೀರಿ. ದುರಸ್ತಿಗೆ ದೊಡ್ಡ ಥ ಬೇಡ. ಸಣ್ಣ ತ ಸಾಕು."

"ಹನ್ನೊಂದು ವರ್ಷದಿಂದ ಅಲ್ಲೇ ಇದೆ ಆ ಥ. ಇವತ್ತಿನವರೆಗೂ ಯಾರಿಗೂ ಚುಚ್ಚಿಲ್ಲ."

"ನನಗೆ ಚುಚ್ಚಿತಲ್ಲ."

ಮೂಲೆಯ ಕುರ್ಚಿಯಲ್ಲಿ ಕೂತು ಬಟ್ಟೆಯಿಂದ ಕೀಲಿಗಳನ್ನು ಉಜ್ಜುತ್ತಿದ್ದ ಅವಳ ಸೋದರಮಾವ ಕೆಮ್ಮಿದ ಹಾಗೆ ಮಾಡಿ ನಕ್ಕ. ಅಂಗಡಿ ಕಟ್ಟಿದವನು, ಅವಳಿಗೆ ಈ ವಿದ್ಯೆ ಕಲಿಸಿದವನು ಅವನೇ. ಈಗ ಕೈ ನಡುಗುತ್ತದೆ. ಸ್ಕ್ರೂಡ್ರೈವರ್ ಹಿಡಿಯುವ ಹಾಗಿಲ್ಲ. ಆದರೆ ಬಾಯಿಗೆ ಯಾವ ನಡುಕವೂ ಇರಲಿಲ್ಲ. "ಚಿಮಟಾ, ಕೊನೆಗೂ ನಿನಗೆ ಸರಿಯಾದ ಗಿರಾಕಿ ಸಿಕ್ಕ ನೋಡು" ಎಂದ. ಚಿಕ್ಕಂದಿನಿಂದ ಅವಳ ಕೈಯಲ್ಲಿ ಚಿಮಟ ತಪ್ಪಿದ್ದಿಲ್ಲ, ಮಾತು ಕೂಡ ಹಾಗೇ ಚಿವುಟುವಂಥದ್ದು. ಮೂವತ್ತನಾಲ್ಕು ತುಂಬಿದರೂ ಮಾವನ ಪಾಲಿಗೆ ಅವಳು ಚಿಮಟವೇ.

ಬಂದವನು ಮಷೀನನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿ ಜೇಬಿನಿಂದ ಒಂದು ಹಾಳೆ ತೆಗೆದ. ಹದಿನೇಳು ದೋಷಗಳ ಪಟ್ಟಿ. ಅದನ್ನು ಅದೇ ಮಷೀನಿನಲ್ಲಿ ಟೈಪ್ ಮಾಡಿ, ಟೈಪ್ ಮಾಡುವಾಗ ಮಷೀನು ಮಾಡಿದ ತಪ್ಪುಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ್ದ.

"ರೋಗಿಯ ಕೈಲೇ ಚೀಟಿ ಬರೆಸಿಕೊಂಡು ಬಂದಿದೀರಾ" ಎಂದಳು ಅವಳು.

"ನನ್ನ ಕೈಬರಹ ಯಾರಿಗೂ ಓದೋಕಾಗಲ್ಲ. ನನ್ನ ಅಕ್ಕನಿಗೆ ಕಿವಿ ಕೇಳಲ್ಲ, ಫೋನು ಮಾಡೋ ಹಾಗಿಲ್ಲ. ವಾರಕ್ಕೊಂದು ಕಾಗದ ಬರೀತೀನಿ. ಟೈಪ್ ಮಾಡಿದ್ರೆ ಕಳಿಸು, ಇಲ್ಲದಿದ್ರೆ ಆ ಇರುವೆ ಸಾಲನ್ನ ನೀನೇ ಇಟ್ಕೋ ಅಂದಿದಾಳೆ."

ಪಕ್ಕದ ಬೀದಿಯ ಮುದ್ರಣಾಲಯದಲ್ಲಿ ಅವನು ಕರಡು ತಿದ್ದುವವನು. ಅಚ್ಚಿಗೆ ಹೋಗುವ ಮೊದಲು ಪ್ರತಿ ಪುಟದ ಕಾಲು, ಕೊಂಬು, ಬಾಲ ಎಣಿಸಿ ನೋಡುವುದೇ ಅವನ ಕೆಲಸ. ಅವನು ಇನ್ನೂ ಬಾಗಿಲು ದಾಟುವ ಮೊದಲೇ ಮಾವ ಅವನಿಗೆ 'ತಿದ್ದುಪಡಿ' ಎಂದು ಹೆಸರಿಟ್ಟಾಗಿತ್ತು.

ಅವಳು ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಪ್ರತಿ ಕೀಲಿಗೂ ಒಂದು ಕಡ್ಡಿ, ಕಡ್ಡಿಯ ತುದಿಗೆ ಬೆಸುಗೆ ಹಾಕಿದ ಪುಟ್ಟ ಅಚ್ಚು. ಕೀಲಿ ಒತ್ತಿದರೆ ಕಡ್ಡಿ ಮೇಲೆದ್ದು, ಅಚ್ಚು ರಿಬ್ಬನ್ನಿಗೆ ಬಡಿದು ಕಾಗದದ ಮೇಲೆ ಅಕ್ಷರ ಮೂಡಬೇಕು. ಒಂದು ಕಡ್ಡಿಯ ತುದಿ ಬೋಳಾಗಿತ್ತು.

"ಒತ್ತು ಲ ಇಲ್ಲವೇ ಇಲ್ಲ. ಅಚ್ಚು ಎಲ್ಲೋ ಬಿದ್ದುಹೋಗಿದೆ. ಇಷ್ಟು ದಿನ ಹೇಗೆ ನಡೆಸಿದ್ರಿ?"

"ಕೆಂಪು ಪೆನ್ನಲ್ಲಿ ಹಾಕ್ತೀನಿ. ಒಂದೂ ಬಿಡಲ್ಲ."

"ಇಳಿ ವಾಲಿದೆ."

"ಹೂಂ. ಗೋಡೆಗೆ ಒರಗಿ ನಿಂತ ಹಾಗೆ ಬರುತ್ತೆ."

"ಪ್ರಶ್ನೆ ಚಿಹ್ನೆ ತುಕ್ಕು ಹಿಡಿದು ಕೂತಿದೆ. ಇದನ್ನ ಪಟ್ಟಿಯಲ್ಲಿ ಬರೆದೇ ಇಲ್ಲ?"

"ಅದು ಬೇಡ. ಒಂದು ದಿನವೂ ಒತ್ತಿಲ್ಲ."

"ಜೀವನದಲ್ಲಿ ಯಾರನ್ನೂ ಏನೂ ಕೇಳೇ ಇಲ್ವಾ ನೀವು?"

"ಕೇಳೋದಕ್ಕೆ ಇಳಿ ಸಾಕಲ್ಲ" ಎಂದ ಅವನು, ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ವರ್ಷಗಟ್ಟಲೆ ಕಾದಿದ್ದವನ ಹಾಗೆ. "ಬಂದೆ ಅಂದ್ರೆ ಬಂದಾಯ್ತು. ಬಂದೆಯಾ ಅಂದ್ರೆ ಪ್ರಶ್ನೆ. ಕೊನೆಯಲ್ಲಿ ಒಂದು ಇಳಿ ಹಾಕಿದ್ರೆ ಕೆಲಸ ಮುಗೀತು. ಅದರ ಮೇಲೆ ಆ ಕೊಕ್ಕೆ ಬೇರೆ ಯಾಕೆ, ಮೀನು ಹಿಡಿಯೋಕಾ?"

ಅವಳಿಗೆ ನಗು ಉಕ್ಕಿ ಬಂತು. ಇವನ ಎದುರು ಇಷ್ಟು ಬೇಗ ನಗಬಾರದೆಂದು ಸ್ಕ್ರೂವನ್ನು ಮತ್ತೆ ತುಟಿಯ ನಡುವೆ ಇಟ್ಟುಕೊಂಡಳು.

*

ಮಷೀನು ರಿಪೇರಿಗೆ ಐದು ವಾರ ಹಿಡಿಯಿತು. ನಿಜ ಹೇಳಬೇಕೆಂದರೆ ಮೂರು ವಾರದ ಕೆಲಸ. ಉಳಿದ ಎರಡು ವಾರ ಎಲ್ಲಿ ಹೋಯಿತೆಂದು ಮಾವ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಂಜೆ ಐದೂವರೆಗೆ ಬಾಗಿಲಲ್ಲಿ ನೆರಳು ಬೀಳುತ್ತಿತ್ತು. "ಸುಮ್ಮನೆ ಬಂದೆ. ಹೇಗಿದೆ ಅಂತ ನೋಡೋಕೆ."

"ಆಸ್ಪತ್ರೆಯಲ್ಲಿ ನೋಡೋ ಹೊತ್ತು ಶುರುವಾಯ್ತಪ್ಪ" ಎಂದು ಮಾವ ಎದ್ದು ಟೀ ತರಲು ಹೋಗುತ್ತಿದ್ದ. ಮೊದಲ ವಾರ ಎರಡು ಲೋಟ ತರುತ್ತಿದ್ದವನು ಎರಡನೆಯ ವಾರದಿಂದ ಯಾರೂ ಹೇಳದೆಯೇ ಮೂರು ತಂದ.

ಮಷೀನಿನ ಹೊಟ್ಟೆಯೊಳಗೆ ಏನೇನಿರಲಿಲ್ಲ! ಗಟ್ಟಿಯಾಗಿ ಅಂಟಿದ ಹಳೆಯ ಎಣ್ಣೆ, ರಬ್ಬರಿನಿಂದ ಅಳಿಸಿದ ತಪ್ಪುಗಳ ಪುಡಿ, ಒಂದು ಗುಂಡುಪಿನ್ನು, ಒಂದು ಅಂಗಿಯ ಗುಂಡಿ. ಅವಳು ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕಡ್ಡಿಗಳ ಸಂದು ಸಂದು ತಿಕ್ಕುತ್ತಿದ್ದರೆ ಅವನು ಪಕ್ಕದ ಸ್ಟೂಲಿನಲ್ಲಿ ಕೂತು ಕಣ್ಣಿಗೆ ಬಿದ್ದುದನ್ನೆಲ್ಲ ಓದುತ್ತಿದ್ದ. ಎಣ್ಣೆ ಡಬ್ಬಿಯ ಮೇಲಿನ ಸೂಚನೆ, ಮಾವನ ಮಾತ್ರೆಯ ಚೀಟಿ, ಗೋಡೆಗೆ ಅಂಟಿಸಿದ ಹಳೆಯ ಪತ್ರಿಕೆ. ಅದು ಅವನ ಚಟ. ಆದರೆ ಅವಳು ಮಾತಾಡಲು ಶುರು ಮಾಡಿದರೆ ಓದುವುದು ನಿಲ್ಲುತ್ತಿತ್ತು, ಕಣ್ಣು ಅವಳ ಬೆರಳುಗಳ ಮೇಲೆ ಬಂದು ಕೂರುತ್ತಿತ್ತು. ಅವಳು ತಲೆಯೆತ್ತಿದರೆ ತಕ್ಷಣ ಎಣ್ಣೆ ಡಬ್ಬಿಗೆ ಹಾರುತ್ತಿತ್ತು. ಒಂದೇ ಡಬ್ಬಿಯನ್ನು ಒಬ್ಬ ಮನುಷ್ಯ ಎಷ್ಟು ಸಲ ಓದಬಹುದು ಎಂದು ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಒಂದು ಸಂಜೆ ಒಂಬತ್ತು ಸಲ ಆಯಿತು.

"ಒತ್ತಿನ ಕೀಲಿ ಒತ್ತಿದರೆ ಗಾಡಿ ಮುಂದೆ ಹೋಗಲ್ಲ ಯಾಕೆ?" ಎಂದು ಒಮ್ಮೆ ಕೇಳಿದ. ಗಾಡಿ ಎಂದರೆ ಕಾಗದ ಹಿಡಿದು ಪಕ್ಕಕ್ಕೆ ಸರಿಯುವ ಭಾಗ. ಬೇರೆ ಯಾವ ಅಕ್ಷರ ಹೊಡೆದರೂ ಅದು ಒಂದು ಹೆಜ್ಜೆ ಸರಿಯುತ್ತದೆ.

"ಒತ್ತು ಮೊದಲು, ಅಕ್ಷರ ಆಮೇಲೆ. ಮಾವ ಕಲಿಸಿದ ಮೊದಲ ಪಾಠ. ಒತ್ತು ಕೆಳಗೆ ಬಂದು ಕಾಯ್ತಾ ನಿಂತಿರುತ್ತೆ. ಮೇಲೆ ಅಕ್ಷರ ಬಂದು ಕೂತ ಮೇಲೇ ಎರಡೂ ಸೇರಿ ಮುಂದೆ ಹೋಗೋದು."

"ಪಾಪ. ಅಕ್ಷರ ಬರದೇ ಹೋದ್ರೆ?"

"ಅಲ್ಲೇ ನಿಂತಿರುತ್ತೆ. ಅದಕ್ಕೇನು ಬೇರೆ ಕೆಲಸ ಇದೆಯಾ?"

ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ಎಣ್ಣೆ ಡಬ್ಬಿ ಕೈಗೆತ್ತಿಕೊಂಡ.

ಇಳಿಯ ಅಚ್ಚನ್ನು ಬಿಡಿಸಿ, ನೇರ ಕೂರಿಸಿ, ಮತ್ತೆ ಬೆಸೆಯಬೇಕಿದ್ದ ದಿನ ಅವಳಿಗೆ ಇನ್ನೊಂದು ಜೊತೆ ಕೈ ಬೇಕಾಯಿತು. ಮಾವ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಇದ್ದುದಕ್ಕಿಂತ ಸ್ವಲ್ಪ ಹೆಚ್ಚೇ ನಡುಗಿಸಿ ತೋರಿಸಿದ. "ನನ್ನ ಕೈಲಾಗಲ್ಲಮ್ಮ. ತಿದ್ದುಪಡಿಯವರೇ ಹಿಡೀಲಿ."

ಅವನು ಚಿಮಟದಲ್ಲಿ ಅಚ್ಚನ್ನು ಹಿಡಿದ. ಅವಳು ಕಾದ ಬೆಸುಗೆ ಕಡ್ಡಿಯನ್ನು ತಂದಳು. ಇಬ್ಬರ ತಲೆಗಳೂ ಒಂದೇ ದೀಪದ ಕೆಳಗೆ ಬಂದವು.

"ಉಸಿರಾಡಿ ಸಾರ್. ಅದಕ್ಕೇನೂ ತೊಂದರೆ ಇಲ್ಲ."

"ಕೈ ಅಲುಗುತ್ತೆ."

"ಉಸಿರು ಕಟ್ಟಿಕೊಂಡು ಬಿದ್ರೆ ಇನ್ನೂ ಅಲುಗುತ್ತೆ."

ಅವನು ಉಸಿರು ಬಿಟ್ಟ. ಅದು ಅವಳ ಮುಂಗೈ ಮೇಲೆ ಹಾದುಹೋಯಿತು. ಸೀಸ ಕರಗಿ ಮೆಲ್ಲಗೆ ಹರಿಯತೊಡಗಿತು. ಆಗ ಅವನು, ಎಲ್ಲ ಬಿಟ್ಟು ಆಗಲೇ, ಹೇಳಿದ: "ನಿಮ್ಮ ಎಡಗಣ್ಣಿನ ಕೆಳಗೆ ಒಂದು ಮಸಿ ಚುಕ್ಕೆ ಇದೆ."

"ತಿದ್ದಬೇಕಾ?"

"ಬೇಡ. ಅದು ಇರಬೇಕಾದ ಜಾಗದಲ್ಲೇ ಇದೆ."

ಅವಳು ಕಣ್ಣೆತ್ತಿದಳು. ಅವನ ಕಣ್ಣು ಈ ಸಲ ಡಬ್ಬಿಗೆ ಹಾರಲಿಲ್ಲ. ಎಲ್ಲದರಲ್ಲೂ ತಪ್ಪು ಹುಡುಕುವ ಆ ಕಣ್ಣು ಏನನ್ನೂ ಹುಡುಕದೆ ಸುಮ್ಮನೆ ಅವಳನ್ನು ನೋಡುತ್ತಿತ್ತು. ಅವಳ ಎದೆ ಗಾಡಿಯ ಗಂಟೆಯ ಹಾಗೆ ಒಂದು ಸಲ ಹೊಡೆಯಿತು.

"ಆಯ್ತು" ಎಂದು ಬೆಸುಗೆ ಕಡ್ಡಿ ಎತ್ತಿಬಿಟ್ಟಳು. ಪ್ರತಿ ಬೆಸುಗೆಯನ್ನೂ ಭೂತಗನ್ನಡಿ ಹಿಡಿದು ನೋಡುವವಳು ಆ ದಿನ ಭೂತಗನ್ನಡಿಯ ನೆನಪನ್ನೇ ಮಾಡಿಕೊಳ್ಳಲಿಲ್ಲ.

*

ಒತ್ತು ಲ ಒಂದನ್ನು ಬಿಟ್ಟು ಉಳಿದ ಹದಿನಾರೂ ದೋಷ ಸರಿಯಾದವು. "ಬೇರೆ ಹಳೆ ಮಷೀನು ಸಿಕ್ಕಿದ್ರೆ ಅದರಿಂದ ಅಚ್ಚು ತೆಗೆದು ನಾನೇ ಹಾಕಿಕೊಡ್ತೀನಿ, ಮಾತು ಕೊಟ್ಟಿದೀನಿ" ಎಂದು ಹೇಳಿ ಕಳಿಸಿದಳು. ಅವನು ಮಷೀನನ್ನು ಮುದ್ರಣಾಲಯದ ತನ್ನ ಕೋಣೆಗೆ ಹೊತ್ತುಕೊಂಡು ಹೋದ.

ನಾಲ್ಕನೆಯ ದಿನ ಮಷೀನಿನ ಸಮೇತ ಬಾಗಿಲಲ್ಲಿ ನಿಂತಿದ್ದ. ಒಂದು ಸ್ಪ್ರಿಂಗು ಕಳಚಿಕೊಂಡಿತ್ತು. ಹಾಕಿಕೊಟ್ಟಳು. ಮುಂದಿನ ವಾರ ಮತ್ತೊಂದು ಸ್ಪ್ರಿಂಗು. ಅದರ ಮುಂದಿನ ವಾರ ರಿಬ್ಬನ್ ತಿರುಗುಮುರುಗಾಗಿ ಕೂತಿತ್ತು.

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸ್ಪ್ರಿಂಗು ತಾನಾಗಿ ಕಳಚಿಕೊಳ್ಳಲ್ಲ ಸಾರ್. ಯಾರೋ ಉಗುರು ಹಾಕಿ ಬಿಚ್ಚಿದಾರೆ. ಗೀರು ಕೂಡ ಕಾಣ್ತಿದೆ."

ಅವನ ಕಿವಿಯ ತುದಿ ಕೆಂಪಾಯಿತು. "ಹೌದಾ. ಯಾರಿರಬಹುದು?"

"ಅದನ್ನೇ ನಾನೂ ಯೋಚನೆ ಮಾಡ್ತಿದೀನಿ." ತಮಾಷೆ ಇನ್ನೂ ಸ್ವಲ್ಪ ಮುಂದೆ ಹೋಗಲಿ ಎಂದು, ದನಿಯಲ್ಲಿ ಸುಳ್ಳು ಗತ್ತು ತಂದುಕೊಂಡು ಹೇಳಿದಳು: "ನೋಡಿ ಸಾರ್, ರಿಪೇರಿ ಮುಗೀತು. ಇನ್ನು ಸುಮ್ಮನೆ ಸುಮ್ಮನೆ ಯಾಕೆ ಬರ್ತೀರಿ?"

ಅವನು ಟೀ ಪೂರ್ತಿ ಕುಡಿಯದೆ ಮಷೀನು ಎತ್ತಿಕೊಂಡು ಹೋದ. ಅವನು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಅವಳಿಗೆ ತನ್ನ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು.

ಎರಡು ದಿನ ಬಿಟ್ಟು, ಅವಳು ಗುಜರಿ ಅಂಗಡಿಗೆ ಹೋಗಿದ್ದಾಗ, ಮಧ್ಯಾಹ್ನ ಬಂದು ಹೋಗಿದ್ದ. ಮಾವ ನಾಲ್ಕಾಗಿ ಮಡಿಚಿದ ಒಂದು ಕಾಗದ ಕೊಟ್ಟ. "ತಿದ್ದುಪಡಿ ಬಂದಿದ್ದ. ನೀನಿಲ್ಲ ಅಂದೆ. ಇದನ್ನ ನನ್ನ ಕೈಗೆ ತುರುಕಿ ಕಾಲಿಗೆ ಬುದ್ಧಿ ಹೇಳಿದ."

ಅವಳು ಹಿಂದಿನ ಕೋಣೆಗೆ ಹೋಗಿ ಬಿಡಿಸಿದಳು. ಒಂದೇ ಸಾಲು.

ರಿಪೇರಿ ಮುಗಿಯಿತು. ಇನ್ಮುಂದೆ ಸುಮ್ಮನೆ ಬರಲ

ಬರಲ. ಆ ಮಷೀನಿನಲ್ಲಿ ಒತ್ತು ಲ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಕಾಗದದಲ್ಲಿ ಇಲ್ಲದ ಒತ್ತನ್ನು ಅವಳ ಮನಸ್ಸೇ ಹಾಕಿ ಓದಿತು. ಬರಲ್ಲ. ಇನ್ಮುಂದೆ ಸುಮ್ಮನೆ ಬರಲ್ಲ.

ತಾನಾಡಿದ ಮಾತನ್ನೇ ಮಡಿಚಿ ತನಗೆ ಹಿಂದಿರುಗಿಸಿದ್ದ. ತಪ್ಪು ತನ್ನದೇ ಎಂದು ಗೊತ್ತಿತ್ತು, ಆದರೂ ಅಳು ಬಂತು. ಸೀಮೆಎಣ್ಣೆಯ ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ ತಂದುಕೊಂಡಳು. ಕಾಗದವನ್ನು ಹರಿದು ಹಾಕಬೇಕೆಂದು ಎರಡು ಸಲ ಹಿಡಿದಳು. ಕೊನೆಗೆ ಉಪಕರಣದ ಪೆಟ್ಟಿಗೆಯ ತಳದಲ್ಲಿ ಚಿಮಟದ ಕೆಳಗೆ ಇಟ್ಟಳು.

*

ಐದೂವರೆ ದಿನಾ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಮಾವ ಮೂರು ಲೋಟ ತರುವುದನ್ನು ನಿಲ್ಲಿಸಲಿಲ್ಲ. ಮೂರನೆಯದು ಮೇಜಿನ ತುದಿಯಲ್ಲಿ ಆರಿ ಕೆನೆಗಟ್ಟುತ್ತಿತ್ತು.

"ತಿದ್ದುಪಡಿಗೆ ಏನಂದೆ?" ಎಂದು ಒಂದು ದಿನ ಕೇಳಿದ.

"ಏನೂ ಅನ್ನಲಿಲ್ಲ. ಕೆಲಸ ಮುಗೀತು, ಗಿರಾಕಿ ಹೋದ್ರು. ಅಷ್ಟೇ."

"ನೀನು ಬ್ರಷ್ಷನ್ನ ಟೀ ಲೋಟದಲ್ಲಿ ಅದ್ದುತಿದೀಯ."

ಅವಳು ನೋಡಿದಳು. ಹೌದು, ಅದ್ದುತ್ತಿದ್ದಳು.

ಹತ್ತನೆಯ ದಿನ ಮಾವ ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವಳು ಸ್ಟೂಲು ಹಾಕಿ ಹತ್ತಿ, ಬೋರ್ಡಿನ ಆ ದೊಡ್ಡ ಥ ಒರೆಸಿ, ಸಣ್ಣ ಕುಂಚದಲ್ಲಿ ತ ಬರೆದಿದ್ದಳು. ನೋಡಬೇಕಾದವನು ಬರುವುದಿಲ್ಲ ಎಂದ ಮೇಲೆ ತಿದ್ದಿ ಏನು ಪ್ರಯೋಜನ ಎಂದು ಅವಳಿಗೂ ಅನಿಸಿತ್ತು. ಆದರೆ ಅವನು ಹೇಳಿದ ಒಂದು ಮಾತನ್ನಾದರೂ ಕೇಳಿದೆ ಎನ್ನುವುದು ತನಗೆ ತಾನೇ ತಿಳಿದಿರಲಿ ಎನಿಸಿತ್ತು. ಮಾವ ಬೋರ್ಡು ನೋಡಿದ, ಅವಳ ಬೆರಳಿನ ಬಣ್ಣ ನೋಡಿದ, ಅಪರೂಪಕ್ಕೆ ಬಾಯಿ ಮುಚ್ಚಿಕೊಂಡು ಒಳಗೆ ಹೋದ.

ಅದಾಗಿ ಐದು ದಿನಕ್ಕೆ ಗುಜರಿಯವನು ಒಂದು ಮಷೀನು ತಂದು ಹಾಕಿದ. ಯಾವುದೋ ಗಾಡಿ ಹತ್ತಿಸಿದ ಹಾಗೆ ಅಪ್ಪಚ್ಚಿಯಾಗಿತ್ತು. ಅರ್ಧ ಕಡ್ಡಿಗಳು ಮುರಿದಿದ್ದವು. ಮುರಿಯದ ಅರ್ಧದಲ್ಲಿ ಒತ್ತು ಲ ಇತ್ತು.

ಅವಳು ಅಚ್ಚನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಕೂತಳು.

"ಹೇಳಿ ಕಳಿಸು" ಎಂದ ಮಾವ. "ಬಂದು ಹಾಕಿಸಿಕೊಂಡು ಹೋಗ್ಲಿ."

"ಅವ್ರು ಬರಲ್ಲ ಅಂದಿದಾರೆ ಮಾವ."

ಮಾವ ಬಟ್ಟೆ ಕೆಳಗಿಟ್ಟ. "ಅವನು ಬರಲ್ಲ ಅಂದಿದ್ದು. ನೀನು ಹೋಗಲ್ಲ ಅಂದಿಲ್ವಲ್ಲ. ಮಾತು ಕೊಟ್ಟಿದೀಯ, ಪೆಟ್ಟಿಗೆ ತಗೊಂಡು ಹೊರಡು."

*

ಮುದ್ರಣಾಲಯದ ಮೆಟ್ಟಿಲಿಗೆಲ್ಲ ಮಸಿಯ ವಾಸನೆ. ಮಹಡಿಯ ಕೊನೆಯಲ್ಲಿ, ದಾರದಿಂದ ಕಟ್ಟಿದ ಕರಡಿನ ಕಂತೆಗಳ ನಡುವೆ, ಕಿಟಕಿಯ ಪಕ್ಕ ಅವನ ಮೇಜು. ಮಷೀನಿನ ಮೇಲೆ ಬಟ್ಟೆ ಹೊದೆಸಿತ್ತು. ಅವಳನ್ನು ಕಂಡು ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಒತ್ತು ಲ ಸಿಕ್ತು" ಎಂದಳು ಅವಳು. ನಮಸ್ಕಾರ ಇಲ್ಲ, ಏನಿಲ್ಲ.

"ನೀವೇ ಬರ್ತೀರಿ ಅಂದ್ಕೊಂಡಿರಲಿಲ್ಲ."

"ಕೆಲಸ ಅರ್ಧಕ್ಕೆ ಬಿಡೋ ಅಭ್ಯಾಸ ನನಗಿಲ್ಲ." ಪೆಟ್ಟಿಗೆ ತೆರೆದು ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟಳು. ಅವನ ಮುಖ ನೋಡಬಾರದೆಂದು ಮಷೀನಿನ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಿಚತೊಡಗಿದಳು.

ಅವನು ಸ್ವಲ್ಪ ಇಳಿದುಹೋಗಿದ್ದ. ಕುರ್ಚಿ ಎತ್ತಿ ನಿಲ್ಲಿಸಿ ಅಲ್ಲಿ ಕೂರದೆ ಕಿಟಕಿಗೆ ಒರಗಿ ನಿಂತ. "ಬೋರ್ಡು ನೋಡಿದೆ. ಚೆನ್ನಾಗಿದೆ."

"ಯಾವಾಗ ನೋಡಿದ್ರಿ?"

"ಮೊನ್ನೆ. ಬೀದಿಯ ಆ ತುದಿಯಿಂದ."

"ಆ ತುದಿಯಿಂದ ಯಾಕೆ? ಅಂಗಡಿ ಈ ತುದಿಯಲ್ಲಿದೆ."

"ಉತ್ತರ ಸಿಗದೆ ಈ ತುದಿಗೆ ಹೇಗೆ ಬರಲಿ?"

ಯಾವ ಉತ್ತರ? ಅವಳಿಗೆ ತಿಳಿಯಲಿಲ್ಲ. ಬಾಯಿಬಿಟ್ಟು ಕೇಳಲು ಸ್ವಾಭಿಮಾನ ಬಿಡಲಿಲ್ಲ. ಬೆಸುಗೆ ಕಡ್ಡಿ ಕಾದಿತ್ತು. ಈ ಸಲ ಯಾರ ಕೈಯೂ ಬೇಡವೆಂದು ಅಚ್ಚನ್ನು ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಬೆಸೆದಳು. ಭೂತಗನ್ನಡಿ ಹಿಡಿದು ನೋಡಿದಳು. ಬೆಸುಗೆ ಪಳಪಳ ಹೊಳೆಯುತ್ತಿತ್ತು. ಮಂಕಾಗಿದ್ದರೆ ಹಿಡಿದಿಲ್ಲವೆಂದೇ ಅರ್ಥ, ಇಂದಲ್ಲ ನಾಳೆ ಉದುರುತ್ತದೆ.

ಒಂದು ಹಾಳೆ ಸಿಕ್ಕಿಸಿ ಟೈಪ್ ಮಾಡಿದಳು. ಕಲ್ಲು. ಬೆಲ್ಲ. ಹುಲ್ಲು. ಆಮೇಲೆ ಬೆರಳು ಅವಳನ್ನು ಕೇಳದೆ ತಾನಾಗಿ ಹೊಡೆಯಿತು: ಬರಲ್ಲ.

"ನೋಡಿ. ಇನ್ನು ಕೆಂಪು ಪೆನ್ನು ಬೇಡ."

ಅವನು ಬಗ್ಗಿ ನೋಡಿದ. ಕೊನೆಯ ಪದದ ಮೇಲೆ ಅವನ ಕಣ್ಣು ನಿಂತಿತು. "ಇದು ಉತ್ತರಾನಾ?" ಎಂದು ಬಹಳ ಮೆಲ್ಲಗೆ ಕೇಳಿದ.

"ಏನು ಉತ್ತರ? ಇದು ಟೆಸ್ಟು." ಅವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಬೇಗ ಮುಗಿಸಿ ಹೋಗಿಬಿಡೋಣವೆಂದು ಕೊನೆಯ ಪರೀಕ್ಷೆ ಶುರು ಮಾಡಿದಳು. ಮಾವ ಕಲಿಸಿದ ಪದ್ಧತಿ, ಕೆಲಸ ಮುಗಿದ ಮೇಲೆ ಒಂದು ಕಾಗುಣಿತ ಪೂರ್ತಿ ಹೊಡೆಯಬೇಕು. ಶಾಲೆಯ ಮಕ್ಕಳು ರಾಗವಾಗಿ ಹೇಳುವ ಹಾಗೆ ಅವಳ ಬಾಯೂ ಬೆರಳಿನ ಜೊತೆ ಗೊಣಗುತ್ತಿತ್ತು. "ಕ ತಲೆಕಟ್ಟು ಕ. ಕ ಇಳಿ ಕಾ. ಕ ಗುಡಿಸು ಕಿ..."

ಬೆರಳು ನಿಂತಿತು.

ಹಾಳೆಯಲ್ಲಿ ಇದ್ದದ್ದು ಕ, ಕ, ಕಿ. ಎರಡನೆಯ ಕ ಮುಂದೆ ಖಾಲಿ ಜಾಗ.

ಇಳಿಯ ಕೀಲಿಯನ್ನು ಮತ್ತೆ ಒತ್ತಿದಳು. ಕಡ್ಡಿ ಎದ್ದು ಬಂತು, ಅದರ ತುದಿ ಬೋಳು. ಮಷೀನನ್ನು ಮೆಲ್ಲಗೆ ವಾಲಿಸಿ ಚಿಮಟ ಹಾಕಿ ತಡಕಿದಳು. ತಳದಲ್ಲಿ ಹಾಸಿದ ಉಣ್ಣೆಯ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಅಚ್ಚು ಸುಮ್ಮನೆ ಮಲಗಿತ್ತು. ಹಿಂಬದಿಯ ಸೀಸ ಮಂಕಾಗಿತ್ತು. ಅವಳ ಕೈಯ ಕೆಲಸ. ಅವಳು ಕನ್ನಡಿ ಹಿಡಿದು ನೋಡದೆ ಬಿಟ್ಟ ಒಂದೇ ಒಂದು ಬೆಸುಗೆ.

"ಇದು ಯಾವಾಗ ಬಿತ್ತು?"

"ಗೊತ್ತಿಲ್ಲ. ಆ ಚೀಟಿ ಆದ್ಮೇಲೆ ನಾನು ಮಷೀನು ಮುಟ್ಟಿಲ್ಲ. ಅಕ್ಕನಿಗೂ ಬರೆದಿಲ್ಲ." ಅವನು ನೆನಪು ಮಾಡಿಕೊಂಡ. "ಕೊನೆಯ ಅಕ್ಷರ ಹೊಡೆದಾಗ ಒಳಗೆ ಟಿಣ್ ಅಂತ ಏನೋ ಸದ್ದಾಯ್ತು. ನನ್ನ ಎದೆಯೇ ಇರಬೇಕು ಅಂದ್ಕೊಂಡೆ."

ಅವಳ ಕೈ ಪೆಟ್ಟಿಗೆಯ ತಳಕ್ಕೆ ಹೋಯಿತು. ನಾಲ್ಕಾಗಿ ಮಡಿಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಹದಿನೈದು ದಿನ ನೆನೆನೆನೆದು ಬಾಯಿಪಾಠವಾಗಿದ್ದ ಸಾಲನ್ನು ಈಗ ಮೊದಲ ಸಲ ಅವನ ಹಾಗೆ ಓದಿದಳು, ಕಾಲು, ಕೊಂಬು, ಬಾಲ ಎಣಿಸಿಕೊಂಡು. ಮೊದಲ ವಾಕ್ಯದ ಕೊನೆಗೆ ಚುಕ್ಕೆ ಇದೆ, ಎರಡನೆಯದಕ್ಕಿಲ್ಲ. ಚುಕ್ಕೆ ಮರೆಯುವ ಮನುಷ್ಯನಾ ಇವನು? ಇಡೀ ಹಾಳೆಯಲ್ಲಿ ಕೆಂಪು ಶಾಯಿಯ ಒಂದು ಗೆರೆ ಇಲ್ಲ. ಒತ್ತು ಲ ಬೇಕಿದ್ದರೆ ಪೆನ್ನಿನಲ್ಲಿ ಹಾಕದೆ ಬಿಡುತ್ತಿದ್ದನಾ?

"ಇದು ಪ್ರಶ್ನೆನಾ?" ಎಂದಳು.

"ಮತ್ತೇನು?" ಅವನು ಕಾಗದವನ್ನು ಕೈಗೆತ್ತಿಕೊಂಡ. ಓದಿದ. ಇಪ್ಪತ್ತು ವರ್ಷ ಬೇರೆಯವರ ತಪ್ಪು ಹುಡುಕಿದ ಮುಖದ ಬಣ್ಣ ಇಳಿಯಿತು. "ಅಯ್ಯೋ."

"ತಿದ್ದಿರಲಿಲ್ವಾ?"

"ತಿರುಗಿ ಓದಿರ್ಲಿಲ್ಲ. ಇನ್ನೊಂದು ಸಲ ಓದಿದ್ರೆ ಹೆದರಿಕೊಂಡು ಹರಿದು ಹಾಕ್ತಿದ್ದೆ. ಕಣ್ಣು ಮುಚ್ಚಿ ಮಡಿಚಿ ತಂದುಕೊಟ್ಟೆ. ಜೀವನದಲ್ಲಿ ನಾನು ತಿದ್ದದೆ ಕೊಟ್ಟ ಕಾಗದ ಇದೊಂದೇ." ಅವನು ತಲೆ ಹಿಡಿದುಕೊಂಡು ಕುಸಿದು ಕೂತ. "ನೀವು ಬರಲ್ಲ ಅಂತ ಓದಿಕೊಂಡ್ರಿ."

"ಹದಿನೈದು ದಿನ ಅದನ್ನೇ ಓದಿದೆ."

"ನಾನು ಹದಿನೈದು ದಿನ ನಿಮ್ಮ ಮೌನ ಓದಿದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಅವಳು. ಅವನಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, ಈ ಸಲ ಸೀಮೆಎಣ್ಣೆ ಇಲ್ಲದೆಯೇ.

"ತಪ್ಪು ನಿಮ್ಮದಲ್ಲ" ಎಂದಳು ಕೊನೆಗೆ. "ಬೆಸುಗೆ ನನ್ನದು. ಅದನ್ನ ಹಾಕೋವಾಗ ನನ್ನ ಗಮನ ಕೆಲಸದ ಮೇಲೆ ಇರಲಿಲ್ಲ."

"ಮತ್ತೆ ಯಾರ ಮೇಲಿತ್ತು?"

ಕಣ್ಣು ತಪ್ಪಿಸಿಕೊಳ್ಳಲು ಇಲ್ಲಿ ಎಣ್ಣೆ ಡಬ್ಬಿಯೂ ಇರಲಿಲ್ಲ. ನೇರವಾಗಿ ಹೇಳಿಬಿಟ್ಟಳು. "ನಿಮ್ಮ ಮೇಲೆ. ಆವತ್ತೂ ನಿಮ್ಮ ಮೇಲೆ, ಆಮೇಲೂ ನಿಮ್ಮ ಮೇಲೇ. ಹನ್ನೊಂದು ವರ್ಷದಲ್ಲಿ ನನ್ನ ಒಂದು ಬೆಸುಗೆ ಬಿಟ್ಟಿರಲಿಲ್ಲ ಗೊತ್ತಾ. ನೀವು ಬಂದು ಅದನ್ನೂ ಕೆಡಿಸಿದ್ರಿ."

ಅವನು ಚಿಮಟ ಎತ್ತಿಕೊಂಡು, ಇಳಿಯ ಅಚ್ಚನ್ನು ಹಿಡಿದು, ಕಡ್ಡಿಯ ತುದಿಗೆ ತಂದು ನಿಲ್ಲಿಸಿದ. ಈ ಸಲ ಉಸಿರು ಕಟ್ಟಿರಲಿಲ್ಲ. ಅವಳು ಬೆಸುಗೆ ಕಡ್ಡಿ ತಂದಳು. ಸೀಸ ಕರಗಿ ಹರಿಯಿತು, ನಿಂತಿತು, ಗಟ್ಟಿಯಾಯಿತು. ಅವನ ಕಣ್ಣು ತನ್ನ ಮುಖದ ಮೇಲಿದೆ ಎಂದು ಗೊತ್ತಿದ್ದೂ ತಲೆಯೆತ್ತದೆ, ಭೂತಗನ್ನಡಿ ಹಿಡಿದು, ಹೊಳಪು ಬಂದಿದೆಯೆಂದು ಎರಡೆರಡು ಸಲ ನೋಡಿದಳು.

ಆಮೇಲೆ ಅವನ ಚೀಟಿಯನ್ನು ರೋಲರಿಗೆ ಹಾಕಿದಳು. ಒಮ್ಮೆ ಹೊರತೆಗೆದ ಹಾಳೆಯನ್ನು ಮತ್ತೆ ಅದೇ ಸಾಲಿಗೆ, ಅದೇ ಅಕ್ಷರದ ಪಕ್ಕಕ್ಕೆ ತರುವುದು ಸುಲಭವಲ್ಲ. ಕೂದಲೆಳೆ ಆಚೀಚೆಯಾದರೂ ಎದ್ದು ಕಾಣುತ್ತದೆ. ಅವಳು ಗುಂಡಿಯನ್ನು ಮೆಲ್ಲಗೆ ತಿರುಗಿಸಿ, ಗಾಡಿಯನ್ನು ಸರಿಸಿ, ಲ ಪಕ್ಕದಲ್ಲಿ ಅಳತೆ ನೋಡಿ ನಿಲ್ಲಿಸಿದಳು.

"ನೀವೇ ಹೊಡೀರಿ. ಪ್ರಶ್ನೆ ನಿಮ್ಮದಲ್ವಾ."

ಅವನು ಒಂದೇ ಬೆರಳಲ್ಲಿ ಒತ್ತಿದ. ಲ ಇಳಿ ಲಾ. ಹದಿನೈದು ದಿನ ತಡವಾಗಿ ಬಂದು, ಗೋಡೆಗೆ ಒರಗದೆ ನೆಟ್ಟಗೆ ನಿಂತಿತು.

ರಿಪೇರಿ ಮುಗಿಯಿತು. ಇನ್ಮುಂದೆ ಸುಮ್ಮನೆ ಬರಲಾ

ಅವಳು ಸಾಲು ಕೆಳಗಿಳಿಸಿದಳು. ಬನ್ನಿ ಎಂದು ಹೊಡೆಯಬೇಕೆಂದು ಬೆರಳು ಹೊರಟಿತು. ಬ ಬಿತ್ತು. ಒತ್ತು ನ ಕೀಲಿಯ ಮೇಲೆ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅಲ್ಲಿಂದ ಸರಿದು, ತಾನು ಈಗಷ್ಟೇ ಬೆಸೆದ ಕೀಲಿಯನ್ನು ಗಟ್ಟಿಯಾಗಿ ಒತ್ತಿತು.

ಬಾ

ಅವನು ಆ ಪದವನ್ನು ಬಹಳ ಹೊತ್ತು ಓದಿದ. ಇಡೀ ಕರಡಿನ ಕಂತೆ ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದ.

"ಬಹುವಚನ ಬಿಟ್ಟುಹೋಗಿದೆ" ಎಂದ. "ತಿದ್ದಲಾ?"

ಅವಳು ಪೆನ್ನನ್ನು ಅವನ ಬೆರಳುಗಳ ಸಮೇತ ಹಿಡಿದುಕೊಂಡಳು.

"ಬೇಡ. ಮಾವ ಟೀ ತಂದಿರ್ತಾನೆ, ಮೂರನೇ ಲೋಟ ಆರಿಹೋಗುತ್ತೆ. ನಡಿ."